ಅಮೋಘಸಿದ್ದನ ಪುಡಿ

ಬುಧವಾರ, 12 ಫೆಬ್ರುವರಿ 2025, ಚಿಕ್ಕೋಡಿ

ಖುಷಿಯಾಗಬೇಕಿತ್ತು, ಆಗುತ್ತಿಲ್ಲ. ಲ್ಯಾಬಿನ ಜೊತೆಗಾರ ಅಮೋಘಸಿದ್ದ ತೀರಿಕೊಂಡ ಮೇಲೆ ಅವನ ಪ್ರಯೋಗವನ್ನು ನಾನೇ ಮುಂದುವರಿಸಿದ್ದೆ. ಇಂದು ಫಲಿತಾಂಶ ಬಂತು. ಫರ್ನೇಸಿನಲ್ಲಿ ಸುಟ್ಟು ತನ್ನ ಪದರ ಪದರದ ರಚನೆ ಕಳೆದುಕೊಂಡಿದ್ದ ಖನಿಜದ ಪುಡಿ, ನೀರಿನಲ್ಲಿ ನೆನೆದು ಮತ್ತೆ ಪದರ ಕಟ್ಟಿಕೊಂಡಿದೆ.

ಸಂಜೆ ಅವನ ಊರು ದಿಗ್ಗೇವಾಡಿಗೆ ಹೋದೆ. ಅವನ ತಾಯಿ ತಾರವ್ವ ಕುರಿಗಳಿಗೆ ಮೇವು ಹಾಕುತ್ತಿದ್ದರು.

"ಸುಟ್ಟಿದ್ದು ತಿರುಗಿ ಮೊದಲಿನಂಗ ಆತೇನವಾ ಸೋನಾಲಿ?"

"ಹೌದ್ರಿ ಅವ್ವಾ. ಅಂವ ಹೇಳಿದ್ದು ಖರೇ ಆತು."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಹಂಗಾರ ಅವನ ಕೆಲಸ ಮುಗೀತು. ಇನ್ನ ನೀ ಯಾಕ ಬರ್ತಿ ಇಲ್ಲಿಗೆ?"

ಬರುತ್ತೇನೆ ಎಂದೆ. ಅವರು ನಂಬಲಿಲ್ಲ. ಪ್ರತಿ ಸಲ ಪ್ರಯೋಗದ ಸುದ್ದಿ ಹೇಳಲೆಂದೇ ಹೋಗುತ್ತಿದ್ದೆ. ಆ ನೆಪದಲ್ಲಿ ಇಬ್ಬರೂ ಅವನ ಹೆಸರು ಹೇಳುತ್ತಿದ್ದೆವು. ಇನ್ನು ಮುಂದೆ ಏನೆಂದು ಹೋಗಿ ಆ ಬಾಗಿಲಲ್ಲಿ ನಿಲ್ಲಲಿ?