ನೇರಳೆ ಕೈಯವನ ಓಟು

ಬಣ್ಣದವರ ಬೀದಿ,
ಭಾನುವಾರ, ಮತದಾನ ಮುಗಿದ ಸಂಜೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಕಡಿದಾಗಿದೆ, ಹತ್ತಿ ಇಳಿಯುವುದನ್ನು ಕಡಿಮೆ ಮಾಡು ಎಂದರೆ ನೀನು ಕೇಳುವವಳಲ್ಲ. ಅಕ್ಕನೂ ಕೂಸೂ ಸೌಖ್ಯ ತಾನೆ? ಕೂಸಿಗೆ ತನ್ನದೇ ಮೂಗು ಬಂದಿದೆ ಎಂದು ಭಾವ ಬಹಳ ಹೆಮ್ಮೆಯಿಂದ ತಿಳಿಸಿದ್ದರು. ಬೆಳೆಯುತ್ತಾ ಸರಿಹೋಗುತ್ತದೆ ಎಂದು ಅಕ್ಕನಿಗೆ ಧೈರ್ಯ ಹೇಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಸೊಸೆ ಮಾತ್ರ ಬೆಳಿಗ್ಗೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅದರ ಕಾರಣ ಮುಂದೆ ಬರುತ್ತದೆ. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಾದರೆ ನಾನು ಒಂದು ಮಾತು ಹೇಳುವಷ್ಟರಲ್ಲಿ ನೀನು ಹತ್ತು ಆಡುತ್ತೀಯ. ನೂಲಿನ ಲಾರಿ ಇವತ್ತು ಆ ಕಡೆ ಹೊರಡುತ್ತಿದೆ, ಡ್ರೈವರ್ ಕೈಯಲ್ಲಿ ಈ ಕಾಗದ ಕೊಡುತ್ತೇನೆ.

ಮೊದಲು ನೆಮ್ಮದಿಯ ಸುದ್ದಿ: ನಾನು ಓಟು ಹಾಕಿದೆ. "ಓಟು ಹಾಕದವನಿಗೆ ನನ್ನ ಮನೇಲಿ ಊಟ ಇಲ್ಲ" ಎಂದು ನೀನು ಹೋಗುವಾಗ ಹೇಳಿದ್ದು ಕಿವಿಯಲ್ಲೇ ಇತ್ತು. ಆಮೇಲೆ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನನ್ನ ತಮ್ಮ ಮೊದಲನೇ ಸಲ ನಿಂತಿದಾನೆ, ನನ್ನ ಓಟಂತೂ ತಪ್ಪಿಹೋಯ್ತು, ನೀನಾದ್ರೂ ಮರೀಬೇಡ" ಎಂದು ಕೂಗಿದ್ದೂ ಮರೆತಿರಲಿಲ್ಲ. ಮಾವನ ಪ್ರಚಾರ ಬಲು ಜೋರಾಗಿತ್ತಮ್ಮ. ಅವನಿಗೆ ಸಿಕ್ಕ ಗುರುತು ಬಾಚಣಿಗೆ. ತಲೆಯಲ್ಲಿ ಒಂದು ಕೂದಲೂ ಇಲ್ಲದವನು ಮನೆ ಮನೆಗೆ ಹೋಗಿ "ಬಾಚಣಿಗೆ ಮರೀಬೇಡಿ" ಎಂದು ಕೈಮುಗಿಯುತ್ತಿದ್ದರೆ, ನಗು ತಡೆಯಲು ನಾನು ಕೆಮ್ಮಿ ಕೆಮ್ಮಿ ಗಂಟಲು ಕೆಡಿಸಿಕೊಂಡೆ. ನೂಲಿಗೆ ಬಣ್ಣ ಹಾಕುವ ನಮ್ಮಂಥವರ ಮೋರಿಯನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ ಎನ್ನುವುದೇ ಅವನ ಭಾಷಣದ ತಿರುಳು. ಎದುರು ನಿಂತವಳು ನಮ್ಮ ನರ್ಸಮ್ಮ, ಅವಳ ಗುರುತು ಕೊಡೆ. ಬಣ್ಣದ ನೀರು ಹಾಗೇ ಕಾಲುವೆಗೆ ಹೋಗಬಾರದು, ಪ್ರತಿಯೊಂದು ಬಣ್ಣದ ಮನೆಯವರೂ ನೀರು ತಿಳಿಯಾಗಿಸುವ ತೊಟ್ಟಿ ಕಟ್ಟಲೇಬೇಕು ಎನ್ನುವುದು ಅವಳ ಹಟ. ತೊಟ್ಟಿ ಕಟ್ಟಿದರೆ ನಾವು ನೂಲು ಒಣಹಾಕುವ ಅಂಗಳ ಅರ್ಧ ಹೋದ ಹಾಗೆ. ಹಾಗಾಗಿ ನಮ್ಮ ಬೀದಿಯವರೆಲ್ಲ ಬಾಚಣಿಗೆ, ಕಾಲುವೆಯ ಕೆಳಗಿನವರೆಲ್ಲ ಕೊಡೆ.

ನಿನ್ನ ಮೊಮ್ಮಗಳ ವಿಷಯ ಬರೆಯದಿದ್ದರೆ ಬೇಜಾರು ಮಾಡಿಕೊಳ್ಳುತ್ತೀಯ. ಮೊನ್ನೆ ಒಂದು ಚಿತ್ರ ಬರೆದಳು. ಮನೆ, ಮರ, ಪಕ್ಕದಲ್ಲಿ ಕಾಲುವೆ, ಕಾಲುವೆಯಲ್ಲಿ ಒಂದು ಬಾತುಕೋಳಿ. ಎಲ್ಲ ಚೆಂದ, ನೀರು ಮಾತ್ರ ನೇರಳೆ. "ನೀರಿಗೆ ನೀಲಿ ಹಚ್ಚಬೇಕಲ್ವೇನೇ?" ಎಂದೆ. "ಅಪ್ಪಾ, ನೀಲಿ ಹೋದ ವಾರ ಇತ್ತು, ಈ ವಾರ ನೇರಳೆ" ಎಂದಳು. ನನಗೆ ನಗು ಬಂತು, ಅವಳಮ್ಮನಿಗೂ ಬಂತು. ರಾತ್ರಿ ಮಲಗಿದ ಮೇಲೆ ಅದೇ ಮಾತು ನೆನಪಾಗಿ, ಎದ್ದು ದೀಪ ಹಾಕಿ ಆ ಚಿತ್ರವನ್ನು ಮತ್ತೆ ನೋಡಿದೆ. ನೀರಿಗೆ ಬಣ್ಣವೇ ಇರುವುದಿಲ್ಲ ಎಂದು ನನ್ನ ಮಗಳಿಗೆ ಗೊತ್ತಿಲ್ಲ ನೋಡಮ್ಮ. ಇರಲಿ, ಓಟಿನ ಕಥೆಗೆ ಬರುತ್ತೇನೆ.

ಶಾಲೆಯ ಬ್ಯಾಂಡಿನವರ ಸಮವಸ್ತ್ರಕ್ಕೆ ನೇರಳೆ ನೂಲು ಬೇಕಾಗಿತ್ತು. ಓಟಿಗೆ ಹೋಗುವ ಮೊದಲು ಒಂದೇ ಒಂದು ಸಲ ಅದ್ದಿ ತೆಗೆದುಬಿಡೋಣ ಎಂದು ಹಂಡೆಗೆ ಬೆಂಕಿ ಹಾಕಿದೆ. "ಇವತ್ತೊಂದು ದಿನ ಬೇಡ ಅಂದ್ರೆ ಬೇಡ" ಎಂದು ನಿನ್ನ ಸೊಸೆ ಬಾಗಿಲಲ್ಲೇ ಅಡ್ಡ ನಿಂತಳು. ಹೆಂಡತಿಯ ಮಾತು ಕೇಳಿದರೆ ನಾನು ನಿನ್ನ ಮಗ ಹೇಗಾದೇನು? ನೂಲಿನ ಲಡಿ ಮುಳುಗಿಸುವಾಗ ಕೈಗವಸು ಎರಡೂ ಕೈಯಲ್ಲಿ ಹರಿಯಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ನನಗೆ ಕೈ ನೇರಳೆಯಾಗಿ ಬಾಯಿಗೆ ಬೈಗುಳ ಬಂತು. ಮೊಣಕೈವರೆಗೆ, ಉಗುರಿನ ಸಂದಿಯನ್ನೂ ಬಿಡದೆ ನೇರಳೆ. ಅವಳ ಹೊಸ ಟವೆಲ್ಲಿಗೆ ಒರೆಸಿಕೊಂಡೆ, ಕೈ ಹಾಗೇ ಇತ್ತು, ಟವೆಲ್ಲು ಮಾತ್ರ ಬ್ಯಾಂಡಿನವರದಾಯಿತು. ಮಾತು ಬಿಟ್ಟಿದ್ದು ಆಗಲೇ. ಮತಗಟ್ಟೆಗೆ ಹೋಗುವ ದಾರಿಯಲ್ಲೂ ನಾನು ಯಾರೋ ಎನ್ನುವ ಹಾಗೆ ದೂರ ನಡೆದು, ತನ್ನ ಓಟು ಹಾಕಿ, ಹಿಂತಿರುಗಿಯೂ ನೋಡದೆ ಮನೆಗೆ ಹೋದಳು.

ನನ್ನ ಸರದಿ ಬಂತು. ಪಟ್ಟಿಯಲ್ಲಿ ಹೆಸರು ಸಿಕ್ಕಿತು, ಗುರುತಿನ ಚೀಟಿಯ ಮುಖವೂ ಹೊಂದಿತು. ಬೆರಳಿಗೆ ಶಾಯಿ ಹಚ್ಚುವವರು ಸಣಕಲು ಮನುಷ್ಯ, ತಗ್ಗಿಸಿದ ತಲೆ ಎತ್ತದೆ "ಎಡಗೈ ಕೊಡಿ" ಎಂದರು. ಕೊಟ್ಟೆ. ಅವರ ಕಡ್ಡಿ ಗಾಳಿಯಲ್ಲೇ ನಿಂತಿತು. "ಬಲಗೈ ತೋರಿಸಿ" ಎಂದರು, ತೋರಿಸಿದೆ. ಎದ್ದು ನಿಂತು ದೊಡ್ಡ ಅಧಿಕಾರಿಯನ್ನು ಕೂಗಿದರು. "ಸಾರ್, ಒಂದು ಬೆರಳಿಗೆ ಗುರುತಿದ್ರೆ ಒಂದು ಓಟು ಹಾಕಿದಾರೆ ಅಂತ ಲೆಕ್ಕ. ಇವ್ರನ್ನ ನೋಡಿದ್ರೆ ಹತ್ತು ಹಾಕಿ ಬಂದ ಹಾಗಿದೆ!" ಸಾಲಿನಲ್ಲಿದ್ದವರೆಲ್ಲ ನಕ್ಕರು. ಇದು ಬಣ್ಣ ಸ್ವಾಮಿ, ಶಾಯಿಯಲ್ಲ ಎಂದೆ. ಬಣ್ಣದ ಕೆಳಗೆ ಶಾಯಿ ಇದೆಯೋ ಇಲ್ಲವೋ ಯಾರು ಬಲ್ಲರು ಎಂದರು ದೊಡ್ಡವರು. ಕೊಡೆಯ ಕಡೆಯ ಏಜೆಂಟು ಎದ್ದು, "ಇವ್ರು ಆ ಬಾಚಣಿಗೆಯವರ ಸೋದರಳಿಯ, ಬಿಡಲೇಬಾರ್ದು" ಎಂದು ಮೇಜು ಕುಟ್ಟಿದ. ಬಾಚಣಿಗೆಯ ಏಜೆಂಟು "ಬಿಡಲೇಬೇಕು" ಎಂದು ಅದೇ ಮೇಜನ್ನು ಆ ಕಡೆಯಿಂದ ಕುಟ್ಟಿದ. ಎತ್ತು ಏರಿಗೆ, ಕೋಣ ನೀರಿಗೆ, ನಡುವೆ ನಾನು ಎರಡು ಕೈ ಮೇಲೆತ್ತಿಕೊಂಡು ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತಿದ್ದೆ. ಓಟು ಹೋಗಿಯೇಬಿಟ್ಟಿತು ಎಂದುಕೊಂಡೆನಮ್ಮ. ಈ ಸಲ ಹಾಕಲೇಬೇಕು ಎಂದು ನಾನು ಎಷ್ಟು ಯೋಚಿಸಿದ್ದೆ ಎನ್ನುವುದು ನನಗೊಬ್ಬನಿಗೇ ಗೊತ್ತು.

ಅಷ್ಟರಲ್ಲಿ ಓಟು ಹಾಕಲು ಮಾವ ಬಂದ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದ ತುಂಬ ನಗು. ವಿಷಯ ಕಿವಿಗೆ ಬಿದ್ದದ್ದೇ ನಗು ಹಾರಿಹೋಯಿತು. "ಇವನು ನನ್ನ ಅಕ್ಕನ ಮಗ. ಹುಟ್ಟಿದಾಗಿಂದ ಇವನ ಕೈ ಬೆಳ್ಳಗಿದ್ದದ್ದು ನಾನೇ ನೋಡಿಲ್ಲ. ಬಣ್ಣ ಹಾಕೋನಿಗೆ ಓಟಿಲ್ಲ ಅಂತ ಯಾವ ಕಾನೂನಿದೆ, ತೋರ್ಸಿ!" ಎಂದು ಗುಡುಗಿದ. ಕಾನೂನು ಇರಲಿಲ್ಲ. ಒಂದು ಬೆರಳಾದರೂ ತೊಳೆದು ತೋರಿಸಲಿ ಎಂದು ದೊಡ್ಡವರು ಅರ್ಧ ದಾರಿಗೆ ಬಂದರು. ಮಾವ ನನ್ನನ್ನು ಹೊರಗಿನ ನಲ್ಲಿಗೆ ಎಳೆದುಕೊಂಡು ಹೋಗಿ, ತಾನೇ ಸಾಬೂನು ತರಿಸಿ, ನನ್ನ ತೋರುಬೆರಳನ್ನು ಪಾತ್ರೆ ತಿಕ್ಕುವ ಹಾಗೆ ತಿಕ್ಕಿದ. ಚರ್ಮ ಸುಲಿದರೂ ಚಿಂತೆಯಿಲ್ಲ, ಓಟು ಉಳಿಯಬೇಕು ಎನ್ನುವ ಛಲ ಅವನದು. ಕೊನೆಗೆ ಉಗುರು ತುಸು ತಿಳಿಯಾಯಿತು, ಅಡಿಯಲ್ಲಿ ಬೇರೆ ಗುರುತೇನೂ ಇಲ್ಲವೆಂದು ಒಪ್ಪಿದರು. ಶಾಯಿಯವರು ಗೆರೆ ಎಳೆದು, ಕಣ್ಣು ಕಿರಿದು ಮಾಡಿ ನೋಡಿ, "ಹಚ್ಚಿದೀನಿ ಅಂತ ನಾನೇ ನಂಬ್ಕೋಬೇಕು" ಎಂದರು. ರಟ್ಟಿನ ಮರೆಗೆ ಹೋದೆ. ಗುಂಡಿ ಒತ್ತಿದೆ. ಯಂತ್ರ ಕುಂಯ್ ಎಂದಿತು. ಯಾರಿಗೆ ಎಂದು ಕೇಳಬೇಡ, ಮತ ಗುಟ್ಟಾಗಿರಬೇಕು ಎಂದು ಕಾನೂನೇ ಹೇಳುತ್ತದೆ.

ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸು, ಕೂಸಿನ ಆ ಮೂಗಿಗೆ ಒಂದು ಮುತ್ತು ಕೊಡು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನೀನಿಲ್ಲದ ಮನೆಯಲ್ಲಿ ಬೈಯುವವರಿಲ್ಲದೆ ನನಗೆ ಹೊತ್ತೇ ಹೋಗುತ್ತಿಲ್ಲ.

ನಿನ್ನ ಕಾಲಿಗೆರಗುವ,
ನೇರಳೆ ಕೈಯ ಮಗ

ವಿ.ಸೂ.: ಅಮ್ಮಾ, ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ, ಮುಖ್ಯ ಮಾತು ಇನ್ನೂ ಒಳಗೇ ಇದೆ. ನಾನು ಕೊಡೆಗೆ ಒತ್ತಿದೆ. ಮಗಳಿಗೋಸ್ಕರ ಒತ್ತಿದೆ, ಅಂಗಳ ಹೋದರೆ ಹೋಗಲಿ. ಮಾವ ತಿಕ್ಕಿ ತಿಕ್ಕಿ ಬೆರಳು ಬಣ್ಣ ಬಿಡುತ್ತಿತ್ತು, ಅದೇ ಬೆರಳಲ್ಲಿ ಒತ್ತಿದ್ದೆ. ಕೊಡೆಯ ಗುಂಡಿಯ ಪಕ್ಕದ ಬಿಳಿ ಜಾಗದಲ್ಲಿ ನೇರಳೆ ಅಚ್ಚು ಬಿದ್ದದ್ದನ್ನು ನಾನು ನೋಡಲಿಲ್ಲ. ನನ್ನ ಹಿಂದೆಯೇ ಒಳಗೆ ಹೋದವನು ಮಾವ. ಬಹಳ ಹೊತ್ತು ಬರಲೇ ಇಲ್ಲ, "ಆಯ್ತಾ ಸಾರ್?" ಎಂದು ಶಾಯಿಯವರು ಕೂಗಿ ಕೇಳಬೇಕಾಯಿತು. ಬಂದಾಗ ಬಿಳಿ ಅಂಗಿಯ ತೋಳಿನ ತುದಿಯಲ್ಲಿ ನೇರಳೆ ಕಲೆ. ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಅಚ್ಚು ಬಿಟ್ಟು ಬಂದಿದ್ಯಲ್ಲೋ ದಡ್ಡ. ಬೀದಿಯವ್ರು ನೋಡಿದ್ರೆ ನಿನ್ನ ಬಿಡ್ತಿದ್ರಾ? ಒರೆಸಿದೀನಿ. ನನ್ನ ಅಕ್ಕನಿಗೆ ಹೇಳ್ಬೇಡ, ನೊಂದ್ಕೋತಾಳೆ" ಎಂದು, ಹೊರಗಿದ್ದ ಜನಕ್ಕೆ ನಗುತ್ತಾ ಕೈಮುಗಿದ. ನಾಳೆ ಮಧ್ಯಾಹ್ನದ ಬಸ್ಸಿಗೆ ಕೂಸನ್ನು ನೋಡಲು ಅವನು ಅಲ್ಲಿಗೆ ಬರುತ್ತಾನೆ. ಅವನಿಗಿರುವ ಒಳ್ಳೆಯ ಅಂಗಿ ಅದೊಂದೇ, ಅದನ್ನೇ ಹಾಕಿಕೊಂಡು ಬರುತ್ತಾನೆ. ತೋಳಿನ ಕಲೆ ಕಂಡರೂ ಕಾಣದ ಹಾಗಿರು. ಏನಾಯ್ತೋ ಎಂದು ನೀನು ಕೇಳಿದರೆ ಅವನು ಸುಳ್ಳು ಹೇಳಬೇಕಾಗುತ್ತದೆ, ನಿನ್ನ ಮುಂದೆ ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ.