ಡೆಲ್ಲಿ ವಿಮಾನ

ಜಡಿಗೇನಹಳ್ಳಿ
ಕಾರ್ತಿಕ ಮಾಸ, ೧೯೪೮

ಡೆಲ್ಲಿಯಲ್ಲಿರುವ ತಮ್ಮ ರಾಮಾಂಜಿನಪ್ಪನಿಗೆ,

ಇಲ್ಲಿ ನಾವು ಕ್ಷೇಮವಾಗಿಲ್ಲ. ನಿನ್ನ ಕ್ಷೇಮ ಕೇಳುವುದಕ್ಕೂ ಬರೆಯುತ್ತಿಲ್ಲ.

ಈ ಯುಗಾದಿಗೆ ಬಂದಾಗ ಜಗಲಿಯ ಮೇಲೆ ಕಾಲು ಚಾಚಿಕೊಂಡು ಅಮ್ಮನಿಗೆ ಹೇಳಿದ್ದು ನೆನಪಿದೆಯೇ? "ಡೆಲ್ಲಿಯಿಂದ ಬೆಂಗ್ಳೂರ್‌ಗೆ ಸಾವಿರದ್ ಮೇಲೆ ಮೈಲಿ ಕಣಮ್ಮ. ಬೆಳಗ್ಗೆ ವಿಮಾನ ಹತ್ತಿದ್ರೆ ದೀಪ ಹಚ್ಚೋ ಹೊತ್ಗೆ ಹೊಸಕೋಟೇಲಿರ್ತೀನಿ. ಒಂದ್ ತಂತಿ ಕೊಡ್ಸು ಸಾಕು." ವಿಮಾನ ಕಂಪನಿಯ ಕಚೇರಿಯಲ್ಲಿ ಟಿಕೆಟ್ ಬರೆಯುವವನು ನೀನು. ನಂಬದೆ ಇರುವುದು ಹೇಗೆ? ಆಮೇಲೆ ತಲೆಯ ಮೇಲೆ ಯಾವ ವಿಮಾನ ಹೋದರೂ ಅಮ್ಮ ಕಳೆ ಕೀಳುವುದನ್ನು ಬಿಟ್ಟು ಎದ್ದು ನಿಂತು, "ನಮ್ ರಾಮಾಂಜಿ ಕಳ್ಸಿರೋ ಇಮಾನ" ಎಂದು ಕೂಲಿಯವರಿಗೆಲ್ಲ ತೋರಿಸುತ್ತಿದ್ದಳು. ನಾವು ನಗುತ್ತಿದ್ದೆವು.

ಶ್ರಾವಣದಲ್ಲಿ ಅವಳಿಗೆ ಜ್ವರ ನೆತ್ತಿಗೇರಿತು. ಪಕ್ಕದ ಮನೆಯ ಸೊಣ್ಣಪ್ಪ ಹೊಸಕೋಟೆಗೆ ಸೈಕಲ್ ತುಳಿದು ನಿನಗೆ ತಂತಿ ಕೊಟ್ಟು ಬಂದ. ಹೋಗುವ ಜೀವಕ್ಕೆ ಮಗನೇ ಬಾಯಿಗೆ ನೀರು ಬಿಡಬೇಕಲ್ಲ, ಅಮ್ಮ ಅದನ್ನೇ ಹಿಡಿದುಕೊಂಡಳು. ನಾನು ಲೋಟ ತಂದರೆ ಹಲ್ಲು ಕಚ್ಚಿದಳು. "ಸಂಜೀಕೆ ಬತ್ತಾನೆ. ಅವ್ನ್ ಕೈಲೇ ಕುಡೀತೀನಿ." ಸಂಜೆ ದೀಪ ಹಚ್ಚಿದೆವು. ಮರುದಿನವೂ ಹಚ್ಚಿದೆವು. ಬೇಡಿಕೊಂಡೆ, ಬೈದೆ, ಮೂಗು ಹಿಡಿದು ಬಾಯಿ ತೆರೆಸಲು ನೋಡಿದೆ. ಉಗುಳಿದಳು. ಮೂರನೆಯ ದಿನ ಜೀವ ಹೋದಾಗ ನಾಲಿಗೆ ಕಪ್ಪಗೆ ಒಣಗಿತ್ತು. ಅದನ್ನು ನೋಡಿದವಳು ನಾನು, ನೀನಲ್ಲ.

ನೀನು ಬಂದದ್ದು ಎಲ್ಲ ಮುಗಿದ ಮೇಲೆ, ಹಾಲುತುಪ್ಪದ ದಿನ, ರೈಲಿನಲ್ಲಿ. ಪಾಪ, ವಿಮಾನದಲ್ಲಿ ಜಾಗ ಸಿಗಲಿಲ್ಲವೇನೋ ಎಂದು ನಾನೇ ನೆಂಟರ ಬಾಯಿ ಮುಚ್ಚಿಸಿದೆ. ಆಮೇಲೆ ಹಿತ್ತಿಲಲ್ಲಿ ನೀನೇ ಬಾಯಿಬಿಟ್ಟೆ. "ಸೀಟಿತ್ತಕ್ಕ. ಸಾಹೇಬ್ರು ಪುಗಸಟ್ಟೆ ಕೊಟ್ಟಿದ್ರು. ಮೆಟ್ಲು ಹತ್ತಿದ್ ಮೇಲೆ ಕೆಳಗ್ ನೋಡಿ ಹೆದರ್ಕೊಂಡೆ, ಇಳ್ದ್‌ಬಿಟ್ಟೆ. ನಾನು ಒಂದಿನಾನೂ ಅದ್ರಲ್ಲಿ ಕೂತೋನಲ್ಲ."

ಹೆದರಿದ್ದನ್ನು ಕ್ಷಮಿಸಿಬಿಡುತ್ತಿದ್ದೆ ತಮ್ಮ. ನನಗೂ ಬಾವಿ ಇಣುಕಿದರೆ ಭಯ. ಆದರೆ ರೈಲಿನಲ್ಲಿ ಬರುತ್ತಿದ್ದೇನೆ, ತಡವಾಗುತ್ತದೆ ಎಂದು ಒಂದು ತಂತಿ ಕೊಟ್ಟಿದ್ದರೆ ಅವಳು ನನ್ನ ಕೈಯಿಂದ ಕುಡಿಯುತ್ತಿದ್ದಳು. ಊರವರ ಮುಂದೆ ನಿನ್ನ ಜಂಬ ಇಳಿಯುತ್ತದೆಂದು ಅದನ್ನೂ ಕೊಡಲಿಲ್ಲ. ಅಮ್ಮನನ್ನು ಕೊಂದದ್ದು ಜ್ವರ ಎಂದು ಊರು ಹೇಳುತ್ತದೆ. ನಾನು ಹೇಳುವುದಿಲ್ಲ.

ಈಗ ಅಪ್ಪ ಮಲಗಿದ್ದಾನೆ. ನೋಡಿದ ಪಂಡಿತರು ಕೈಚೆಲ್ಲಿ ಹೋದರು. ಸೊಣ್ಣಪ್ಪ ಸೈಕಲ್ ತೆಗೆದಾಗ ಅಪ್ಪನೇ ತಡೆದ. "ತಂತಿ ಬ್ಯಾಡ ಕಣ್ಲಾ. ಮಗ್ಳು ಪಾಪಕ್ಕ ಇಲ್ಲೇ ಅವ್ಳೆ, ಅವ್ಳೇ ನೀರು ಬಿಡ್ಲಿ." ಇವತ್ತು ಬೆಳಿಗ್ಗೆ ಬಿಟ್ಟೆ. ಎರಡು ಗುಟುಕು ಕುಡಿದು, ತಂಪಾಗಿದೆ ಎಂದ.

ವಿಮಾನದಂಚೆಗೆ ಹಾಕಿದರೆ ಕಾಗದ ಬೇಗ ನಿನ್ನ ಕೈ ಸೇರುತ್ತದಂತೆ. ನಾನು ರೈಲಿಗೇ ಹಾಕುತ್ತಿದ್ದೇನೆ. ನೀನು ಇದನ್ನು ಒಡೆಯುವ ಹೊತ್ತಿಗೆ ಅಪ್ಪನ ಚಿತೆ ಆರಿರುತ್ತದೆ. ಹೊರಡುವ ತೊಂದರೆ ತೆಗೆದುಕೊಳ್ಳಬೇಡ.

ನೂರು ವರ್ಷ ಬಾಳು. ನಿನಗೊಬ್ಬ ಮಗ ಹುಟ್ಟಲಿ, ನಿನ್ನ ಹಾಗೆಯೇ ಇರಲಿ.

ಇಂತು ಹರಸುವ,
ನಿನ್ನ ಅಕ್ಕ ಪಾಪಕ್ಕ