ಹತ್ತು ಹೆಜ್ಜೆ ಮಣ್ಣು

ಅಕ್ಕಾ,

ಶಾಲೆಯ ಗೇಟಿನ ಬಳಿ ವಿಕಿರಣ ಅಳೆದು ಬೋರ್ಡಿನಲ್ಲಿ ಅಂಕಿ ತೋರಿಸುವ ಯಂತ್ರವಿದೆಯಲ್ಲ, ಅದನ್ನು ತೊಳೆದು, ಸುತ್ತ ಹತ್ತು ಹೆಜ್ಜೆ ಮಣ್ಣು ಕೆರೆದು ಹೊಸ ಮಣ್ಣು ಹಾಕುತ್ತಿದ್ದವನು ನಾನೇ. ಅಣುಸ್ಥಾವರದ ಅಪಘಾತದ ನಂತರ, ಅಂಕಿ ಕಡಿಮೆ ತೋರಲೆಂದು ವಿದ್ಯುತ್ ಕಂಪನಿ ಕೊಟ್ಟ ಕೆಲಸ ಅದು. "ವಾಪಸ್ ಬರ್ಲೇನೋ? ಬೋರ್ಡಲ್ಲಿ ಎಷ್ಟು ತೋರಿಸ್ತಿದೆ?" ಎಂದು ಊರು ಬಿಟ್ಟಿದ್ದ ನೀನು ಫೋನಿನಲ್ಲಿ ಕೇಳಿದಾಗ ಇದ್ದದ್ದನ್ನೇ ಓದಿ ಹೇಳಿದೆ. ನೀನು ಮಗಳನ್ನು ಕರೆದುಕೊಂಡು ಬಂದೆ. ಎಂಟು ತಿಂಗಳು ಅವಳು ಹಿತ್ತಲಲ್ಲಿ ಆಡಿದಳು. ಹಿತ್ತಲನ್ನು ಯಾರೂ ಕೆರೆದಿರಲಿಲ್ಲ. ಪಕ್ಕದ ಮನೆಯವರು ಅಲ್ಲಿ ಅಳೆದು, ಬೋರ್ಡಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವುದನ್ನು ತೋರಿಸಿದ ದಿನವೇ ನೀನು ಮತ್ತೆ ಹೊರಟೆ.

ಇವತ್ತು ಶಾಲೆಯಲ್ಲಿ ಕಂಪನಿಯ ಸಭೆಯಿತ್ತು. "ಅಂಕಿ ನಿಮ್ಮ ಕಣ್ಣೆದುರೇ ಇದೆ, ನಂಬಿ," ಎಂದರು ದೊಡ್ಡ ಸಾಹೇಬರು. ನಾನು ಎದ್ದು ಮಣ್ಣಿನ ವಿಷಯ ಹೇಳಿಬಿಟ್ಟೆ.

"ಒಂಬತ್ತನೇ ಕ್ಲಾಸಿಗೇ ಓಡಿಹೋದೋನು ಅಳತೆ ಪಾಠ ಹೇಳ್ತಾನೆ!" ಎಂದ ನಮ್ಮ ಮೇಸ್ತ್ರಿ.

"ಅಳತೆ ಗೊತ್ತಿಲ್ಲ. ಗುದ್ದಲಿ ಗೊತ್ತು," ಎಂದೆ.

"ಯಂತ್ರಕ್ಕೆ ಸ್ನಾನ ಮಾಡಿಸಿ ನಮ್ಮನ್ನ ಕರೆಸ್ಕೊಂಡ್ರಾ?" ಎಂದು ಬೇಕರಿ ಅಜ್ಜಿ ಕೇಳಿದಾಗ ಎಲ್ಲರೂ ನಕ್ಕರು. ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ನಿಮ್ಮಕ್ಕಂಗೆ ಹೇಳಿದ್ಯೇನೋ?"

"ಇಲ್ಲ," ಎಂದೆ.

ಕೆಲಸ ಹೋಯಿತು. ನೀನು ಫೋನ್ ಎತ್ತುವುದಿಲ್ಲ, ವಿಳಾಸವನ್ನೂ ಕೊಟ್ಟಿಲ್ಲ. ಮಗಳು ಹೇಗಿದ್ದಾಳೆಂದು ಯಾರನ್ನು ಕೇಳಬೇಕೋ ತಿಳಿಯದು.

ನೀನು ಎಂದಾದರೂ ಬಂದರೆ ಸಿಗಲೆಂದು ಈ ಕಾಗದವನ್ನು ಬೇಕರಿ ಅಜ್ಜಿಯ ಹತ್ತಿರ ಬಿಟ್ಟು, ನಾಳೆ ಬೆಳಗಿನ ಬಸ್ಸಿಗೆ ನಾನೂ ಊರು ಬಿಟ್ಟು ಹೊರಡುತ್ತೇನೆ.